ಸಂಸತ್ತಿನ ಕಾಯ್ದೆಯನ್ನು ಕೋರ್ಟ್ ರದ್ದು ಮಾಡುವುದು ಸರಿಯಾ?

ಪ್ರಶ್ನೆ: ಮೇಡಂ, ನಾವು ಓಟು ಹಾಕಿ ಗೆಲ್ಲಿಸಿದವರು ಕಾಯ್ದೆ ಮಾಡುತ್ತಾರೆ. ಓಟೇ ಕೇಳದ ನಾಲ್ಕೈದು ಜಡ್ಜ್‌ಗಳು ಅದನ್ನು ರದ್ದು ಮಾಡುತ್ತಾರೆ. ಇದು ಸರಿಯಾ? ಎಲ್ಲಿ ಶುರುವಾಯಿತು? ನನ್ನಂಥವರೂ ಹೀಗೆ ಕೇಸು ಹಾಕಬಹುದಾ?
- ಓದುಗರೊಬ್ಬರು, ಗದಗ

ಉತ್ತರ: ಇದರ ದೊಡ್ಡ ತೀರ್ಪು ಬಂದಿದ್ದು ಅಮೆರಿಕದಲ್ಲಿ, ಒಂದು ಸಣ್ಣ ಹುದ್ದೆಯ ಜಗಳದಿಂದ. ಚುನಾವಣೆ ಸೋತ ಅಧ್ಯಕ್ಷ ಜಾನ್ ಆಡಮ್ಸ್ 1801ರಲ್ಲಿ ಕುರ್ಚಿ ಬಿಡುವ ಮುಂಚೆ ಒಂದಷ್ಟು ಜನರನ್ನು ಸಣ್ಣ ನ್ಯಾಯಾಧೀಶರಾಗಿ ನೇಮಿಸಿದರು. ಅವರಲ್ಲಿ ವಿಲಿಯಂ ಮಾರ್ಬರಿ ಒಬ್ಬ. ನೇಮಕದ ಪತ್ರಕ್ಕೆ ಸಹಿ ಆಯಿತು, ಮೊಹರೂ ಬಿತ್ತು, ಪತ್ರ ಮಾತ್ರ ಕೈಸೇರಲಿಲ್ಲ. ಹೊಸ ಅಧ್ಯಕ್ಷ ಜೆಫರ್‌ಸನ್ ತಡೆಹಿಡಿದರು. ಮಾರ್ಬರಿ ನೇರ ಸುಪ್ರೀಂ ಕೋರ್ಟಿಗೆ ಹೋದ.

1803ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಕೊಟ್ಟರು. ಪತ್ರ ಪಡೆಯುವ ಹಕ್ಕು ಮಾರ್ಬರಿಗೆ ಇದೆ. ಆದರೆ ಇಂಥ ಅರ್ಜಿಯನ್ನು ನೇರವಾಗಿ ಕೇಳುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿದ್ದು 1789ರ ಒಂದು ಕಾಯ್ದೆ, ಸಂವಿಧಾನವಲ್ಲ. ಹಾಗಾಗಿ ಆ ಕಲಂ ನಿಲ್ಲುವುದಿಲ್ಲ ಎಂದರು. ಅಂದರೆ ಕೋರ್ಟ್ ಅವತ್ತು ಹೊಡೆದುಹಾಕಿದ್ದು ತನಗೇ ಅಧಿಕಾರ ಕೊಟ್ಟಿದ್ದ ಕಲಮನ್ನು! ವಕೀಲೆಯಾಗಿ ನನಗೆ ಈ ತೀರ್ಪಿನಲ್ಲಿ ತುಂಬಾ ಹಿಡಿಸುವುದು ಇದೇ. ಒಂದು ಆಕ್ಷೇಪವೂ ಇದೆ. ಆ ಪತ್ರಗಳನ್ನು ತಲುಪಿಸದೆ ಬಿಟ್ಟವರು ಆಗ ಮಂತ್ರಿಯಾಗಿದ್ದ ಇದೇ ಮಾರ್ಷಲ್. ಅವರು ಈ ಕೇಸು ಕೇಳಲೇಬಾರದಿತ್ತು.

ನಮ್ಮಲ್ಲಿ ಸಂವಿಧಾನದ 13ನೇ ವಿಧಿಯೇ ಇದನ್ನು ಹೇಳುತ್ತದೆ. ಮೂಲಭೂತ ಹಕ್ಕು ಕಿತ್ತುಕೊಳ್ಳುವ ಕಾಯ್ದೆ ಅಷ್ಟರ ಮಟ್ಟಿಗೆ ಅಸಿಂಧು.

ಈಗ ಓಟಿನ ಮಾತಿಗೆ ಬರೋಣ. 1976ರಲ್ಲಿ ಸಂಸತ್ತು 42ನೇ ತಿದ್ದುಪಡಿ ತಂದಿತು. ಸಂವಿಧಾನವನ್ನು ಹೇಗೆ ತಿದ್ದಿದರೂ ಯಾವ ಕೋರ್ಟೂ ಕೇಳುವಂತಿಲ್ಲ ಎಂದು ಅದರಲ್ಲಿ ಬರೆದುಕೊಂಡಿತು. ಆ ಲೋಕಸಭೆಯನ್ನು ಜನ ಆರಿಸಿದ್ದು 1971ರಲ್ಲಿ. ಐದು ವರ್ಷ ಮುಗಿದಿತ್ತು. ತುರ್ತು ಪರಿಸ್ಥಿತಿ ತೋರಿಸಿ ತನ್ನ ಅವಧಿಯನ್ನು ತಾನೇ ಹಿಗ್ಗಿಸಿಕೊಂಡಿತ್ತು. ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದರು. ಅಲ್ಲಿ ನಿಮ್ಮ ಓಟಿಗೆ ಏನು ಬೆಲೆ ಉಳಿದಿತ್ತು, ಹೇಳಿ?

ಆ ಭಾಗವನ್ನು ಸುಪ್ರೀಂ ಕೋರ್ಟ್ 1980ರಲ್ಲಿ ರದ್ದು ಮಾಡಿದ್ದು ನಮ್ಮ ಬೆಂಗಳೂರಿನ ಮಿನರ್ವ ಮಿಲ್ಸ್ ಕೇಸಿನಲ್ಲಿ. ಬಟ್ಟೆ ಗಿರಣಿಯನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ ಮಾಲೀಕರು ಹಾಕಿದ್ದ ಕೇಸು ಅದು. ಸಂಸತ್ತಿಗೆ ಸಿಕ್ಕಿರುವುದೇ ಮಿತಿ ಇರುವ ಅಧಿಕಾರ, ಅದನ್ನು ಬಳಸಿ ಆ ಮಿತಿಯನ್ನೇ ಅಳಿಸಲಾಗದು ಎಂದಿತು ಕೋರ್ಟ್. ಜಡ್ಜ್‌ಗಳು ಸಂಸತ್ತಿಗಿಂತ ದೊಡ್ಡವರು ಅಂತಲ್ಲ. ಇಬ್ಬರಿಗಿಂತಲೂ ಸಂವಿಧಾನ ದೊಡ್ಡದು.

ಇನ್ನು ನಿಮ್ಮ ಕೇಸಿನ ವಿಷಯ. ಖಂಡಿತ ಹಾಕಬಹುದು, ದೆಹಲಿಗೇ ಹೋಗಬೇಕಿಲ್ಲ. 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ. ಗದಗದವರಿಗೆ ಧಾರವಾಡದ ಪೀಠವಿದೆ. ಕಾಯ್ದೆ ಸರಿ ಇಲ್ಲ ಅಂತ ಸುಮ್ನೆ ಬರೆದರೆ ಸಾಲದು. ಯಾವ ಕಲಂ, ಸಂವಿಧಾನದ ಯಾವ ವಿಧಿಗೆ ವಿರುದ್ಧ, ನಿಮಗೆ ಆದ ತೊಂದರೆ ಏನು ಎಂಬುದು ಅರ್ಜಿಯಲ್ಲಿ ಇರಬೇಕು. ಕಾಯ್ದೆ ಸರಿಯಾಗಿದೆ ಎಂದುಕೊಂಡೇ ಕೋರ್ಟ್ ಶುರುಮಾಡುತ್ತದೆ. ತಪ್ಪು ಎಂದು ತೋರಿಸಬೇಕಾದವರು ನೀವು.