ಒಂದು ಫೋನು, 32 ಮಕ್ಕಳು, ನೆಟ್ ಇಲ್ಲ: ಭಿನ್ನರಾಶಿ ಪಾಠ

ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಅಭ್ಯಾಸ ಬೋಧನೆಗೆ ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿಯ ವಿಡಿಯೊ ತೋರಿಸಬೇಕು, ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, ನೆಟ್ ಸಿಗಲ್ಲ ಅಂದಿದ್ದೀರಿ.

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮನೆಯಲ್ಲೇ ದೀಕ್ಷಾ (ಸರ್ಕಾರದ ಶಾಲಾ ಪಾಠಗಳ) ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ವಿಡಿಯೊ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಓಡಿಸಿ ನೋಡಲೇಬೇಕು. ಎಷ್ಟೋ ಸಲ ಪಟ್ಟಿಯಲ್ಲಿ ಹೆಸರಷ್ಟೇ ಕಾಣುತ್ತೆ, ವಿಡಿಯೊ ಇಳಿದಿರಲ್ಲ. ಯುಎಸ್‌ಬಿ-ಸಿ ಕಿಂಡಿ ಇರುವ ಎಲ್ಲ ಫೋನ್‌ಗಳೂ ಪ್ರೊಜೆಕ್ಟರ್‌ನ ಎಚ್‌ಡಿಎಂಐ ಕೇಬಲ್‌ಗೆ ಚಿತ್ರ ಕೊಡಲ್ಲ, ಹಾಗಾಗಿ ಕೇಬಲ್ಲನ್ನು ಹಿಂದಿನ ದಿನವೇ ಹಾಕಿ ನೋಡಿ. ನೀವೇ ಮಾಡಿದ ವಿಡಿಯೊ ಪೆನ್‌ಡ್ರೈವ್‌ನಲ್ಲಿದ್ದರೆ ಎಚ್.264 ಎಂಪಿ4 ಅನ್ನೋ ವಿಡಿಯೊ ಮಾದರಿಯಲ್ಲಿರಲಿ. ಎಷ್ಟೋ ಹಳೆಯ ಪ್ರೊಜೆಕ್ಟರ್‌ಗಳು ಎಚ್.265 ಅನ್ನೋ ಹೊಸ ಮಾದರಿ ತೆರೆಯಲ್ಲ.

ನಿಜವಾದ ಕೆಲಸ ಪಾಠದೊಳಗಿದೆ. ಮೊದಲು ಪ್ರತಿ ಮಗುವಿಗೂ ಒಂದು ಕಾಗದದ ಪಟ್ಟಿ ಕೊಟ್ಟು ನಾಲ್ಕು ಭಾಗಕ್ಕೆ ಮಡಿಸಲು ಹೇಳಿ. ಕೆಲವರು ಮೂರು ಸಣ್ಣ, ಒಂದು ದೊಡ್ಡ ಭಾಗ ಮಾಡಿ ‘ಕಾಲು’ ಅಂತಾರೆ. ಆ ಪಟ್ಟಿಯನ್ನೇ ಫೋನಿನಲ್ಲಿ ಫೋಟೊ ತೆಗೆದು, ಯಾರದೆಂದು ಹೇಳದೆ ಪರದೆ ಮೇಲೆ ತೋರಿಸಿ: ‘ಈ ನಾಲ್ಕೂ ಸಮ ಇವೆಯಾ?’ ನನ್ನ ಪ್ರಕಾರ ಇಡೀ ಪಾಠದಲ್ಲಿ ತಂತ್ರಜ್ಞಾನಕ್ಕೆ ಇದಕ್ಕಿಂತ ಒಳ್ಳೆ ಬಳಕೆ ಇಲ್ಲ. ವಿಡಿಯೊ ಇದರ ನಂತರ, ಮೂರು ನಿಮಿಷ ಸಾಕು. ಉತ್ತರ ಬರುವ ಮುಂಚೆ ನಿಲ್ಲಿಸಿ, ಸ್ಲೇಟಿನಲ್ಲಿ ಬರೆಸಿ. ಕರೆಂಟ್ ಹೋದರೂ ಮಡಿಸಿದ ಪಟ್ಟಿಗಳಿಂದಲೇ ಪಾಠ ಮುಂದುವರಿಸಬಹುದು.