ಹೊರದೇಶದ ಪೇಟೆ ಬಿದ್ದರೆ ನಾವು ಷೇರು ಮಾರಬೇಕಾ?

"ಅಮೆರಿಕದ ಪೇಟೆ ರಾತ್ರಿ ಬಿದ್ದರೆ ಬೆಳಿಗ್ಗೆ ನನ್ನ ಷೇರು ಯಾಕೆ ಬೀಳಬೇಕು, ಮಾರಿಬಿಡಲಾ?" ಅಂತ ಕೇಳಿದ್ದೀರಿ. ಅಡಿಕೆ ಗುಂಪಿನಲ್ಲಿ ಈ ಮಾತು ಬೇಡ ಅಂತ ಒಬ್ಬರು ಹಾಕಿದ್ದಾರೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡೇ ಷೇರಿಗೆ ಹೋಗಿರುವಾಗ ಇಲ್ಲಿ ಮಾತಾಡೋದು ಸರಿಯೇ.

ನಮ್ಮ ಪೇಟೆ ತೆರೆಯೋದು 9:15ಕ್ಕೆ. ಅಮೆರಿಕದ್ದು ನಮ್ಮ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ ಶುರುವಾಗಿ ನಾವು ಮಲಗಿದ್ದಾಗ ಮುಗಿಯುತ್ತದೆ. ಟೋಕಿಯೊ ಬೆಳಗಿನ 5:30ಕ್ಕೇ ತೆರೆದಿರುತ್ತದೆ. ಹಾಗಾಗಿ ರಾತ್ರಿಯ ಸುದ್ದಿಯೆಲ್ಲ ನಮ್ಮ ಮೊದಲ ಬೆಲೆಯಲ್ಲೇ ಬಂದು ಕೂತಿರುತ್ತದೆ. 9:15ಕ್ಕೆ ಗಾಬರಿಯಿಂದ ಮಾರಿದರೆ ಸಿಗೋದು ಬಿದ್ದ ಮೇಲಿನ ಬೆಲೆ.

ಮೇಲೆ ಒಬ್ಬರು ಇದನ್ನು ವಿಯೆಟ್ನಾಂ ಕಾಳುಮೆಣಸಿಗೆ ಹೋಲಿಸಿದ್ದಾರೆ. ಅದು ಬೇರೆ. ಅಲ್ಲಿ ಹೊರಗಿನ ಮಾಲು ಬಂದು ನಮ್ಮ ದರ ಇಳಿಯುತ್ತದೆ. ಷೇರಿನಲ್ಲಿ ಯಾವ ಮಾಲೂ ಬರಲ್ಲ, ಹೊರದೇಶದವರು ಇಲ್ಲಿ ಹಾಕಿದ ದುಡ್ಡು ವಾಪಸ್ ಹೋಗುತ್ತದೆ.

2024ರ ಆಗಸ್ಟ್ 5 ನನಗೆ ಚೆನ್ನಾಗಿ ನೆನಪಿದೆ. ಆಶ್ಲೇಷಾ ಮಳೆ. ಅಡಿಕೆಗೆ ಎರಡನೇ ಮದ್ದು ಹೊಡೆಸಲು ಹೊಳವಾಗಲಿ ಅಂತ ಜಗಲಿಯಲ್ಲಿ ಕಾಯುತ್ತ ಕೂತಿದ್ದೆ. ಫೋನ್ ತೆರೆದರೆ ಎಲ್ಲ ಕೆಂಪು. ಅವತ್ತು ಟೋಕಿಯೊ ಪೇಟೆಯ ಸೂಚ್ಯಂಕ ನಿಕ್ಕೆ 12 ಪರ್ಸೆಂಟ್‌ಗಿಂತ ಜಾಸ್ತಿ ಬಿತ್ತು, ನಮ್ಮ ಸೆನ್ಸೆಕ್ಸ್ 2,222 ಪಾಯಿಂಟ್. ಜಪಾನಿನಲ್ಲಿ ವರ್ಷಗಟ್ಟಲೆ ಬಡ್ಡಿ ಸೊನ್ನೆಯ ಆಸುಪಾಸಿನಲ್ಲಿತ್ತು. ದೊಡ್ಡ ಹೂಡಿಕೆದಾರರು ಅಲ್ಲಿ ಯೆನ್ (ಜಪಾನಿನ ಹಣ) ಸಾಲ ತೆಗೆದು ಬೇರೆ ದೇಶಗಳಲ್ಲಿ ಹಾಕಿದ್ದರು. ಜುಲೈ 31ಕ್ಕೆ ಅಲ್ಲಿಯ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು 0.25 ಪರ್ಸೆಂಟ್‌ಗೆ ಏರಿಸಿತು. ಯೆನ್ ಗಟ್ಟಿಯಾಯಿತು, ಸಾಲ ಭಾರವಾಯಿತು. ಅದೇ ವಾರ ಅಮೆರಿಕದ ಉದ್ಯೋಗದ ಅಂಕಿಯೂ ಕೆಟ್ಟದಾಗಿ ಬಂತು. ಸಾಲ ತೀರಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿದರು.

ಕಂತು ಕಟ್ಟುವ ದಿನ ಬಂದರೆ ಅಟ್ಟದಲ್ಲಿದ್ದ ಒಳ್ಳೆ ಚಾಲಿಯನ್ನೂ ಸಿಕ್ಕ ದರಕ್ಕೆ ಕೊಡುತ್ತೇವೆ, ಅಲ್ವಾ? ಅಡಿಕೆ ಕೆಟ್ಟಿರುವುದಿಲ್ಲ. ಹಾಗೇ ಇದೂ.

ನಾನು ಅವತ್ತು 9:20ಕ್ಕೆ ಒಂದು ಬ್ಯಾಂಕಿನ ಷೇರು ಮಾರಿದೆ. ಅದಕ್ಕೂ ಜಪಾನಿಗೂ ಏನೂ ಸಂಬಂಧ ಇರಲಿಲ್ಲ. ಮರುದಿನ ನಿಕ್ಕೆ 10 ಪರ್ಸೆಂಟ್ ಏರಿತು. ಆ ತಿಂಗಳ ಕೊನೆಗೆ ಸೆನ್ಸೆಕ್ಸ್ ಹೊಸ ದಾಖಲೆ ಮಾಡಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ನಿಮಗೆ ಹಾಗಾಗಬಾರದು.

ಆದರೆ ಎಲ್ಲ ಬೀಳಿಕೆಯೂ ತಿಂಗಳಲ್ಲಿ ಸರಿಹೋಗುತ್ತದೆ ಅಂತ ನಂಬಬೇಡಿ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್, ಅಮೆರಿಕದ ಲೆಹ್ಮನ್ ಬ್ಯಾಂಕ್ ಮುಳುಗಿದ ಮೇಲೆ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಗಿತ್ತು. ಮತ್ತೆ 21,000 ಕಂಡಿದ್ದು 2010ರ ದೀಪಾವಳಿಗೆ. ಆಗ ಹೆದರಿಕೆ ಮಾತ್ರ ಅಲ್ಲ, ವ್ಯಾಪಾರವೇ ನಿಂತುಹೋಗಿತ್ತು. ಇನ್ಫೋಸಿಸ್‌ನಂಥ ಕಂಪನಿಗೆ ಅರ್ಧಕ್ಕಿಂತ ಜಾಸ್ತಿ ಆದಾಯ ಉತ್ತರ ಅಮೆರಿಕದಿಂದಲೇ. ಅಲ್ಲಿಯವರು ಖರ್ಚು ಕಡಿಮೆ ಮಾಡಿದರೆ ಇಲ್ಲಿಯ ಲಾಭಕ್ಕೇ ಪೆಟ್ಟು.

ಹಾಗಾಗಿ ನಿಮ್ಮ ಹತ್ತಿರ ಇರುವ ಒಂದೊಂದು ಕಂಪನಿಗೂ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ. ಬೆಳಿಗ್ಗೆ 6:30ರಿಂದ ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಿಫ್ಟಿ ಸೂಚ್ಯಂಕದ ಮುಂಗಡ ವ್ಯಾಪಾರ) ನಡೆಯುತ್ತದೆ, ನಮ್ಮ ಪೇಟೆ ಹೇಗೆ ತೆರೆಯಬಹುದು ಅಂತ ಅಂದಾಜು ಸಿಗುತ್ತದೆ. ಸಂಜೆ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ವೆಬ್‌ಸೈಟಿನಲ್ಲಿ ವಿದೇಶಿ ಹೂಡಿಕೆದಾರರು ಎಷ್ಟು ಮಾರಿದರು, ಎಷ್ಟು ಕೊಂಡರು ಅಂತ ಹಾಕುತ್ತಾರೆ. ಒಂದು ದಿನದ್ದು ಬಿಡಿ, ಎರಡು ವಾರದ್ದು ಸೇರಿಸಿ ನೋಡಿ.

ಕೊನೆಕೊಯ್ಲಿನ ಕೂಲಿಗೆ ಇಟ್ಟ ದುಡ್ಡೇನಾದರೂ ಅದರಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ಇದ್ದರೆ ಹೇಳಿ, ಅದನ್ನು ಮೊದಲು ಹೊರಗೆ ತೆಗೆಯೋಣ.