ಮಿದುಳಿನ ಜಾಲ ತೋರಿಸುವ ಸ್ಕ್ಯಾನ್ ಮಾಡಿಸಬೇಕೇ?

ಪ್ರಶ್ನೆ: ಮಗನಿಗೆ ಐದು ವರ್ಷ. ದಿನ ತುಂಬುವ ಮೊದಲೇ ಹುಟ್ಟಿದವನು. ಸೆರೆಬ್ರಲ್ ಪಾಲ್ಸಿಯಿಂದ (ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಬಲಗೈ, ಬಲಗಾಲು ಬಿಗಿ. ಎಂಆರ್‌ಐ ಆಗಿದೆ. ಮಿದುಳಿನ ಭಾಗಗಳ ಸಂಪರ್ಕ ತೋರಿಸುವ ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಯಾವ ವ್ಯಾಯಾಮ ಬೇಕೆಂದು ತಿಳಿಯುತ್ತದಂತೆ. ಸಾಲ ಮಾಡಿಯಾದರೂ ಮಾಡಿಸಲೇ?
– ಒಬ್ಬ ತಾಯಿ, ಮದ್ದೂರು

ಉತ್ತರ: ಬೇಡಮ್ಮ. ಅದು ಸಂಶೋಧನೆಗೆ ಬಹಳ ಉಪಯುಕ್ತ. ಆದರೆ ಒಂದು ಮಗುವಿನ ವ್ಯಾಯಾಮ ಗೊತ್ತುಮಾಡುವ ಮಟ್ಟಕ್ಕೆ ಬಂದಿಲ್ಲ. ಮಗು ಸುಮ್ಮನೆ ಮಲಗಿದ್ದಾಗ ಮಿದುಳಿನ ಯಾವ ಭಾಗಗಳಲ್ಲಿ ರಕ್ತದ ಆಮ್ಲಜನಕ ಜೊತೆಜೊತೆಗೆ ಏರಿಳಿಯುತ್ತದೆ ಎಂದು ನೋಡಿ, ಅವುಗಳ ನಡುವೆ ಸಂಪರ್ಕವಿದೆ ಎಂದು ಲೆಕ್ಕ ಹಾಕುತ್ತಾರೆ. ತಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಿದರೂ ಲೆಕ್ಕ ತಪ್ಪುತ್ತದೆ: ಹತ್ತಿರದ ಭಾಗಗಳ ಸಂಪರ್ಕ ಹೆಚ್ಚಾಗಿಯೂ ದೂರದವುಗಳದ್ದು ಕಡಿಮೆಯಾಗಿಯೂ ಕಾಣುತ್ತದೆ. ಅಲುಗದಿರಲೆಂದು ಮಂಪರಿನ ಔಷಧಿ ಕೊಟ್ಟರೆ ಜಾಲದ ಚಟುವಟಿಕೆಯೇ ಬದಲಾಗುತ್ತದೆ.

ಇದಕ್ಕಿಂತ ಮನೆಯಲ್ಲೇ ಒಂದು ವಿಷಯ ಗಮನಿಸಿ. ಬಲಗೈಯನ್ನು ತೊಡೆಯ ಮೇಲೆ ಇಡಿಸಿ, ಎಡಗೈ ಮುಷ್ಟಿ ಕಟ್ಟಿ ಬಿಚ್ಚಲು ಹೇಳಿ. ಬಲಗೈ ಬೆರಳುಗಳೂ ಜೊತೆಗೇ ಗಟ್ಟಿಯಾಗಿ ಮಡಚುತ್ತವೆಯೇ? ಸ್ವಲ್ಪ ಅಲುಗಾಟ ಈ ವಯಸ್ಸಿನ ಎಲ್ಲ ಮಕ್ಕಳಲ್ಲೂ ಇರುತ್ತದೆ. ಸಾಮಾನ್ಯವಾಗಿ ಮಿದುಳಿನ ಎಡಭಾಗ ಬಲಗೈಯನ್ನೂ ಬಲಭಾಗ ಎಡಗೈಯನ್ನೂ ನಡೆಸುತ್ತದೆ. ಎದ್ದು ಕಾಣುವಷ್ಟಿದ್ದರೆ, ಮಿದುಳಿನ ಬಲಭಾಗವೇ ಎರಡೂ ಕೈಗಳನ್ನು ನಡೆಸುತ್ತಿರಬಹುದು. ಹುಟ್ಟಿನ ಆಸುಪಾಸಿನಲ್ಲಿ ಎಡಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು. ಅಂಥ ಮಗುವಿಗೆ ಎರಡು ಕೈಯಿಂದ ಎರಡು ಬೇರೆ ಕೆಲಸ ಮಾಡುವುದು ಹೆಚ್ಚು ಕಷ್ಟ. ಮೊಬೈಲಿನಲ್ಲಿ ವಿಡಿಯೊ ಮಾಡಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಕೈ ಸುಧಾರಿಸುವುದು ಅವನೇ ಮಾಡುವ ಕೆಲಸದಿಂದ. ನಾವು ಹಿಡಿದು ಎಳೆದಾಡಿಸಿದರೆ ಸಾಲದು. ಒಟ್ಟು 30–40 ಗಂಟೆಯ ಅಭ್ಯಾಸವಾದರೂ ಬೇಕು, ಅಂದರೆ ದಿನಕ್ಕೊಂದು ಗಂಟೆಯಂತೆ ಆರು ವಾರ. ಮುಸುಕಿನ ಜೋಳದಿಂದ ಶುರುಮಾಡಿ: ದಪ್ಪಗಿರುವುದರಿಂದ ಬಲಗೈಗೆ ಹಿಡಿತ ಸಿಗುತ್ತದೆ, ಎಡಗೈ ಸಿಪ್ಪೆ ಸುಲಿಯಲಿ. ಅದು ಕೈವಶವಾದ ಮೇಲೆ ಅವರೇಕಾಯಿ ಬಿಡಿಸಲಿ. ಕಾಯನ್ನು ಎದೆಗೋ ಮಂಡಿ ಸಂದಿಗೋ ಒತ್ತಿ ಹಿಡಿದರೆ ಆ ಕೆಲಸ ಇನ್ನೂ ಕಷ್ಟವೆಂದೇ ಅರ್ಥ. ಮತ್ತೆ ಜೋಳ ಕೊಡಿ. 'ಪಾಪ, ಕೊಡು ಕಂದ' ಎಂದು ಅಜ್ಜಿ ತಾವೇ ಸುಲಿದುಕೊಟ್ಟರೆ ಆ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಎಡಗೈಗೆ ಕಾಲುಚೀಲ ತೊಡಿಸಿ ಬಲಗೈಯನ್ನೇ ಬಳಸುವಂತೆ ಮಾಡುವ ಪದ್ಧತಿಯೂ ಇದೆ. ಥೆರಪಿಸ್ಟ್ ಹೇಳಿದರೆ ಮಾತ್ರ ಮಾಡಿ, ಕುಳಿತಿದ್ದಾಗ ಮಾತ್ರ. ನಡೆಯುವಾಗ ಬಿದ್ದರೆ ಊರಿಕೊಳ್ಳಲು ಆ ಕೈ ಬೇಕು.

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ ಇರುವ ಮಗಳು ನೀರು ಕುಡಿದರೆ ಕೆಮ್ಮುತ್ತಾಳೆ. ಮಾತೂ ತಡ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೊದಲು ನುಂಗುವಿಕೆಯ ತಪಾಸಣೆ ಆಗಲಿ, ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆ, ಮಾತು, ಕಿವಿ ಮೂರನ್ನೂ ನೋಡುತ್ತಾರೆ. ಅಲ್ಲಿಯವರೆಗೆ ಮಲಗಿಸಿ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ ಮಾಡಿಸಿ, ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ. ಕೆಮ್ಮಿನ ಜೊತೆ ಪದೇ ಪದೇ ಜ್ವರ, ಎದೆಯಲ್ಲಿ ಗುರುಗುರು ಸದ್ದು ಇದ್ದರೆ ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ.